ಮಾಳಿಗೆಯ ಮೇಲಿಂದ ಬರುತ್ತಿದ್ದ ಹಲೀಮಾ ಚಾಚಿ

ಹಲೀಮಾ ಚಾಚಿ ನಮ್ಮ ಮನೆಗೆ ಬೀದಿಬಾಗಿಲಿನಿಂದ ಬಂದದ್ದನ್ನು ನಾನು ಒಂದೇ ಸಲ ನೋಡಿದ್ದೇನೆ. ಉಳಿದ ದಿನಗಳಲ್ಲೆಲ್ಲ ಆಕೆ ಮೇಲಿನಿಂದಲೇ ಇಳಿಯುತ್ತಿದ್ದಳು. ಮೊದಲು ಮೆಟ್ಟಿಲ ಮೇಲೆ ಎರಡು ಪಾದ ಕಾಣುತ್ತಿದ್ದವು, ಆಮೇಲೆ ಬಟ್ಟೆ ಮುಚ್ಚಿದ ತಟ್ಟೆ, ಕೊನೆಗೆ ಮುಖ. ಧ್ವನಿ ಮಾತ್ರ ಪಾದಕ್ಕಿಂತ ಮೊದಲೇ ಬಂದು ಮನೆ ತುಂಬಿರುತ್ತಿತ್ತು: “ಬರಾಕತ್ತೇನ್ರೆವ್ವಾ, ಗಂಡಸ್ರು ಮಾರಿ ತಿರುವ್ರಿ.” ಊಟಕ್ಕೆ ಕುಳಿತ ನಮ್ಮಪ್ಪ ತಟ್ಟೆ ಸಮೇತ ಗೋಡೆಯ ಕಡೆಗೆ ತಿರುಗಿಕೊಳ್ಳುತ್ತಿದ್ದ. ನನ್ನನ್ನು ಆಕೆ ಎತ್ತಿ ಆಡಿಸಿದವಳು. ಮೀಸೆ ಬಂದ ಮೇಲೂ ನನ್ನನ್ನು ಗಂಡಸರ ಸಾಲಿಗೆ ಸೇರಿಸಲಿಲ್ಲ.

ಆಳಂದದಲ್ಲಿ ನಮ್ಮ ಮನೆಯ ಹಿಂಗೋಡೆಗೆ ಅವರ ಮನೆಯ ಹಿಂಗೋಡೆ ಆತುಕೊಂಡಿತ್ತು. ನಮ್ಮ ಬಾಗಿಲು ಒಂದು ಗಲ್ಲಿಗೆ, ಅವರದು ಇನ್ನೊಂದು ಗಲ್ಲಿಗೆ. ಬೀದಿ ಹಿಡಿದರೆ ಇಡೀ ಬಜಾರು ಸುತ್ತಬೇಕು. ಮನೆಗಳ ಮೇಲಿನ ಸಪಾಟು ಮಣ್ಣಿನ ಮಾಳಿಗೆ ಹಿಡಿದರೆ ಒಲೆಯ ಮೇಲಿಟ್ಟ ಹಾಲು ಉಕ್ಕುವುದರೊಳಗೆ ಹೋಗಿ ಬರಬಹುದು. ಗೋಷಾದ ಹೆಂಗಸರಾಗಲಿ, ನಮ್ಮಂಥ ಮನೆಗಳ ಸೊಸೆಯರಾಗಲಿ, ಎರಡೂ ಗಲ್ಲಿಯವರು ಮಾಳಿಗೆಯಿಂದ ಮಾಳಿಗೆಗೆ ನಡೆದೇ ಒಬ್ಬರನ್ನೊಬ್ಬರು ನೋಡುತ್ತಿದ್ದರು. ಅವರ ಪಾದಕ್ಕೆ ಮೇಲಿನ ಮಣ್ಣು ಸವೆದು, ಹೊಲದ ಕಾಲುದಾರಿಯಂತೆ ನುಣ್ಣನೆಯ ಗೆರೆಯೊಂದು ಬಿದ್ದಿತ್ತು.

ಆ ದಾರಿಗೆ ಚಾಚಿಯೇ ಯಜಮಾನಿ. ಪ್ರತಿ ಮನೆಯ ಬೆಳಕಿಂಡಿಯ ಬಳಿ ನಿಂತು ಮೂಗು ಎಳೆದು, ಒಳಗೆ ಏನು ಬೇಯುತ್ತಿದೆಯೆಂದು ಹೇಳಿಬಿಡುತ್ತಿದ್ದಳು. “ಬ್ಯಾಳಿ ತಳ ಹಿಡ್ಯಾಕತ್ತದ, ಕೆಳಗ ಯಾರರೇ ಅದೀರೋ ಇಲ್ಲೋ?” ಎಂದು ಮೇಲಿನಿಂದ ಕೂಗಿದರೆ ನಮ್ಮವ್ವ ಅಡುಗೆಮನೆಗೆ ಓಡುತ್ತಿದ್ದಳು. ಎಳ್ಳಮಾಸಿ ಹಬ್ಬದ ಭಜ್ಜಿ, ಸಜ್ಜೆರೊಟ್ಟಿ ನಮ್ಮಿಂದ ಹೋಗುತ್ತಿದ್ದವು. ಅಲ್ಲಿಂದ ರಮಜಾನಿಗೆ ಹಾಲಿನ ಶ್ಯಾವಿಗೆ ಬರುತ್ತಿತ್ತು. ತಟ್ಟೆಯನ್ನು ಬರಿದಾಗಿ ತಿರುಗಿಸುವ ಪದ್ಧತಿ ಎರಡೂ ಕಡೆ ಇರಲಿಲ್ಲವಾದ್ದರಿಂದ, ಆ ಹಿತ್ತಾಳೆ ತಟ್ಟೆ ಮೂಲತಃ ಯಾರ ಮನೆಯದೆಂಬುದು ಕೊನೆಗೂ ತೀರ್ಮಾನವಾಗಲಿಲ್ಲ.

ನಾನು ಕಲಬುರ್ಗಿಯಲ್ಲಿ ಹೈಸ್ಕೂಲು ಮುಗಿಸಿ ಬಂದೆ. ಮನೆಯವರು ಕಿಣ್ಣಿ ಸುಲ್ತಾನವೆಂಬ ಊರಿನ ಶಾಂತವ್ವನೊಡನೆ ಮದುವೆ ಮಾಡಿದರು. ಕೂಡುಮನೆ; ಹೊಸ ಜೋಡಿಗೆ ಕೆಳಗೆ ಜಾಗವಿಲ್ಲ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗಿದೆವು. ಬೆಳಕು ಹರಿಯುವ ಮೊದಲೇ ಒಲೆಗೆ ಕೆಂಡ ಕೇಳಲು ಚಾಚಿ ಹೊರಡುತ್ತಿದ್ದಳು. ನಮ್ಮ ಹಾಸಿಗೆಯ ಪಕ್ಕದಲ್ಲೇ ದಾರಿ. “ಏಳಲೇ ಗುರ್ಯಾ, ನಿನ್ನ ನೋಡಿ ಸೂರ್ಯಾ ಹೊರಗ ಬರಾಕ ನಾಚಾಕತ್ತಾನ,” ಎನ್ನುವಳು. ಶಾಂತವ್ವ ಹೊದಿಕೆಯೊಳಗೇ ನಗುವಳು. ನನಗೆ ಮಾತ್ರ ನಗು ಬರುತ್ತಿರಲಿಲ್ಲ. ಮಾಳಿಗೆಯ ಮೇಲೆ ಚಾಚಿಯ ಮನೆಯ ಕಡೆಯ ಅಂಚಿನಲ್ಲಿ, ಅಡ್ಡಗಲಕ್ಕೂ ನಮ್ಮಿಬ್ಬರಿಗೆ ಮಲಗಲು ಒಂದು ಖೋಲಿ ಕಟ್ಟಿಸಬೇಕೆಂದು ಹಟ ಹಿಡಿದೆ. ಖೋಲಿಯೂ ಆಗುತ್ತದೆ, ದಾರಿಯೂ ಮುಚ್ಚುತ್ತದೆ. ಈ ಎರಡನೆಯ ಮಾತನ್ನು ಯಾರಿಗೂ ಹೇಳಲಿಲ್ಲ.

ಕಟ್ಟಲು ಕಚೇರಿಯ ಪರವಾನಗಿ ಬೇಕು. ಆಗಿನ ಕಚೇರಿಯ ಕಾಗದಗಳೆಲ್ಲ ಉರ್ದುವಿನಲ್ಲಿ. ಕಲಿತವನೆಂಬ ಜಂಬದಿಂದ ಅರ್ಜಿಯನ್ನು ನಾನೇ ಬರೆದೆ. ಕಚೇರಿಯ ತನಿಖೆಯ ಅಧಿಕಾರಿ ಅಮೀನ ಸಾಹೇಬರು ಬಂದು ಸ್ಥಳ ನೋಡಬೇಕಿತ್ತು. ಯಾರದಾದರೂ ಬೆಳಕು, ನೀರು, ದಾರಿ ಕೆಟ್ಟರೆ ಪರವಾನಗಿ ಇಲ್ಲ. ಆಗ ಮಾಡಿದ ಕೆಲಸವನ್ನು ಇಂದು ಬರೆಯುವಾಗಲೂ ಕೈ ತಡೆಯುತ್ತದೆ. ಚಾಚಿ ತಂಗಿಯ ಮಗಳ ಮದುವೆಗೆಂದು ಅತನೂರಿಗೆ ಹೋದಳು, ನಮ್ಮವ್ವನನ್ನೂ ಕರೆದುಕೊಂಡು. ಶಾಂತವ್ವ ತವರಿನಲ್ಲಿದ್ದಳು. ನಾನು ಮಳೆಗಾಲದ ತಯಾರಿಯೆಂದು ಹೇಳಿ, ಮಣ್ಣು ಕಲಸಿ, ಹೆಂಗಸರ ಪಾದದ ಗೆರೆಯ ಮೇಲೆ ನನ್ನ ಕೈಯಾರೆ ಮೆತ್ತಿದೆ. ಮಣ್ಣು ಹಸಿಯಿದೆ, ತುಳಿಯಬೇಡಿರೆಂದು ಉಳಿದ ಮನೆಗಳಿಗೂ ಹೇಳಿ ಕಳಿಸಿದೆ. ಅಮೀನ ಸಾಹೇಬರು ಬಂದಾಗ ಮಾಳಿಗೆ ಅಂಗೈಯಂತೆ ಸಪಾಟಾಗಿತ್ತು.

“ಇಲ್ಲಿ ಯಾರದರೇ ದಾರಿ ಅದೇನು?” ಎಂದು ಕೇಳಿದರು.

“ಇಲ್ರಿ,” ಎಂದೆ.

ಪರವಾನಗಿ ಬಂತು. ಗೌಂಡಿ ಭೀಮಣ್ಣ ಗೋಡೆಯನ್ನು ಸೊಂಟದ ಮಟ್ಟಕ್ಕೆ ತಂದಿದ್ದಾಗ ಚಾಚಿ ಅತನೂರಿನಿಂದ ಬಂದಳು. ಎಂದಿನಂತೆ ತಟ್ಟೆ ಹಿಡಿದು ನಡೆದು ಬಂದವಳಿಗೆ ಗೋಡೆ ಎದುರಾಯಿತು. ತಟ್ಟೆಯನ್ನು ಅದರ ಮೇಲಿಟ್ಟು ನಿಂತಳು.

“ಭೀಮಣ್ಣಾ, ಬಾಗಿಲಾ ಎಲ್ಲಿ ಅದಪಾ?”

“ಅತ್ತಾಗ ಮೆಟ್ಟಲ ಕಡಿ ಅದ್ರಿ ಚಾಚಿ. ಕಾಗದದಾಗ ಒಂದ ಬಾಗಿಲ ಅದ.”

“ಕಾಗದದಾಗ ಒಂದ ಇರಲಿ. ನೀ ಗ್ವಾಡ್ಯಾಗ ಎರಡ ಇಡು.”

ಇದು ಕಚೇರಿಯ ಹುಕುಂ, ಹಾಗೆಲ್ಲ ಬದಲಿಸಲು ಬರುವುದಿಲ್ಲವೆಂದು ನಾನು ಬಾಯಿ ಹಾಕಿದೆ. ಚಾಚಿಗೆ ಅಮೀನರ ಮನೆಯವರ ಪರಿಚಯವಿತ್ತು. ಆಕೆ ಒಂದು ಮಾತು ಹೇಳಿ ಕಳಿಸಿದ್ದರೆ ಗೋಡೆ ಬೀಳುತ್ತಿತ್ತು, ಅದರೊಂದಿಗೆ ನಮ್ಮಪ್ಪನ ಮರ್ಯಾದೆಯೂ. ಆಕೆ ನನ್ನನ್ನೇ ನೋಡಿದಳು.

“ತಕರಾರ ಮಾಡಾಕ ನನಗೂ ಬರತದ. ಆದ್ರ ಕಚೇರಿಗಿ ಹೋಗಬೇಕಂದ್ರ ಬೀದಿಗಿ ಇಳೀಬೇಕಲ್ಲೋ ಗುರ್ಯಾ.”

ಆಮೇಲೆ ಗೋಡೆಯ ಬುಡದಲ್ಲಿ ಹಳೆಯ ಗೆರೆಯಿದ್ದ ಜಾಗವನ್ನು ಕಾಲ ಹೆಬ್ಬೆರಳಿನಿಂದ ಮೆಲ್ಲಗೆ ಕೆರೆದು ನೋಡಿದಳು. “ಮಣ್ಣ ಛಲೋ ಮೆತ್ತೀದಿ. ನಮ್ಮ ಮಾಳಗಿಗೂ ನೀನ ಮೆತ್ತು,” ಎಂದು ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಹೊರಟುಹೋದಳು. ಅದರಲ್ಲಿ ಮದುವೆಯ ಸಿಹಿ ಇತ್ತು. ಭೀಮಣ್ಣ ನನ್ನನ್ನು ಕೇಳದೆಯೇ ಗೋಡೆಯಲ್ಲಿ ಎರಡನೆಯ ಬಾಗಿಲಿಗೆ ಜಾಗ ಬಿಟ್ಟ.

ಖೋಲಿ ಮುಗಿದ ಮೇಲೆ ಅಮೀನ ಸಾಹೇಬರು ಮತ್ತೆ ನೋಡಲು ಬಂದರು. ಎದುರುಬದುರು ಎರಡು ಬಾಗಿಲು ಕಂಡು ಹುಬ್ಬು ಗಂಟಿಕ್ಕಿದರು. ಅಷ್ಟರಲ್ಲಿ ಆಚೆಯಿಂದ ಕೂಗು ಬಂತು: “ಬರಾಕತ್ತೇನ್ರೆವ್ವಾ, ಗಂಡಸ್ರು ಮಾರಿ ತಿರುವ್ರಿ.” ಸಾಹೇಬರು ಸಂಭಾವಿತರು, ಥಟ್ಟನೆ ಗೋಡೆಗೆ ಮುಖ ಮಾಡಿದರು. ಚಾಚಿ ದಾಟಿದಳು. ಆಕೆಯ ಹಿಂದೆ ಹಪ್ಪಳದ ಬುಟ್ಟಿ ಹೊತ್ತವರು, ಕೂಸು ಎತ್ತಿಕೊಂಡವರು, ಮೊರ ಕೇಳಲು ಹೊರಟವರು, ಮೊರ ತಿರುಗಿ ಕೊಡಲು ಹೊರಟವರು. ದರ್ಜಿಯ ಹೆಂಡತಿಯ ಹಿಂದೆ ಅವಳ ಮೇಕೆಯೂ ಬಂತು. ಹೊಸ ಸುಣ್ಣಕ್ಕೆ ಮೂಗು ತಾಗಿಸಿ ನಿಂತಿದ್ದ ಸಾಹೇಬರು ನಡುನಡುವೆ “ಮುಗೀತೇನ್ರಿ?” ಎಂದು ಕೇಳುತ್ತಿದ್ದರು. “ಇನ್ನೊಂದೀಟ ತಡೀರಿ,” ಎಂದು ಉತ್ತರ ಬರುತ್ತಿತ್ತು. ಅಂದು ಅಷ್ಟು ಜನರಿಗೂ ಒಂದೇ ಸಲ ಏಕೆ ಕೆಲಸ ಬಿತ್ತೆಂದು ನಾನು ಯಾರನ್ನೂ ಕೇಳಲಿಲ್ಲ.

ಕೊನೆಗೆ ಸಾಹೇಬರು ತಿರುಗಿದಾಗ ಮೂಗಿನ ತುದಿ ಬೆಳ್ಳಗಾಗಿತ್ತು. “ಇದು ಖೋಲಿ ಅಲ್ಲ. ದಾರಿಗಿ ಮಾಳಗಿ ಹಾಕೀರಿ,” ಎಂದರು. ಆಮೇಲೆ ಧ್ವನಿ ಬಿಗಿಯಾಯಿತು. “ದಾರಿ ಇಲ್ಲ ಅಂತ ನೀನ ಹೇಳಿದ್ದಿ.”

ಮೆಟ್ಟಿಲ ಬಾಗಿಲಿನ ಮರೆಯಿಂದ ಚಾಚಿಯ ಧ್ವನಿ ಬಂತು:

“ಹುಡುಗ ಖರೇನ ಹೇಳ್ಯಾನ್ರಿ ಸಾಹೇಬ್ರ. ನೀವು ಗಂಡಸ್ರು ಕೇಳಿದ್ರಿ, ಅಂವ ಗಂಡಸರಿಗಿ ಹೇಳಿದ. ಗಂಡಸರಿಗಿ ಇಲ್ಲಿ ದಾರಿ ಇಲ್ರಿ.”

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾಗದದಲ್ಲಿ ಎರಡನೆಯ ಬಾಗಿಲನ್ನು ಬರೆದುಕೊಂಡು, ಮೂಗು ಒರೆಸುತ್ತ ಇಳಿದುಹೋದರು.

ಆ ಖೋಲಿಯಲ್ಲಿ ನಾನು ಒಂದು ದಿನವೂ ತಡವಾಗಿ ಏಳಲು ಆಗಲಿಲ್ಲ. ಆದರೆ ಅಲ್ಲಿ ಕೇಳಿದಷ್ಟು ನಗೆ ಊರಿನ ಬೇರಾವ ಮನೆಯಲ್ಲೂ ಕೇಳಿರಲಾರದು. ಶಾಂತವ್ವ ಬಾಗಿಲ ಬಳಿ ನೀರಿನ ಕೊಡ ಇಟ್ಟಳು. ಹೆಂಗಸರು ಅಲ್ಲಿ ಕುಳಿತು ದಣಿವಾರಿಸಿಕೊಳ್ಳತೊಡಗಿದರು. ವರ್ಷವರ್ಷವೂ ಮಳೆಗೆ ಮುಂಚೆ ನಾನು ಚಾಚಿಯ ಮಾಳಿಗೆಗೆ ಮಣ್ಣು ಮೆತ್ತಿದೆ. ಆಕೆ ಪಕ್ಕದಲ್ಲಿ ಕುಳಿತು, “ಹೈಸ್ಕೂಲ ಕಲಿತ ಕೈ ನೋಡ್ರೆವ್ವಾ, ಎಷ್ಟ ನುಣುಪ,” ಎಂದು ಎಲ್ಲರಿಗೂ ತೋರಿಸುತ್ತಿದ್ದಳು. ಅದರ ಒಳಮಾತು ನಮ್ಮಿಬ್ಬರಿಗೇ ಗೊತ್ತಿತ್ತು.

ಕೆಲವು ವರ್ಷಗಳ ನಂತರ ಆಕೆಯ ಮೊಣಕಾಲು ಸೋತವು. ಮೆಟ್ಟಿಲು ಹತ್ತಲು ಆಗದಾಯಿತು. ಜೇವರ್ಗಿಯ ಮಗಳ ಮನೆಗೆ ಹೋಗಿ ಇರುವುದೆಂದಾಯಿತು. ಹೊರಡುವ ದಿನ ಹೇಳಿಹೋಗಲು ಬುರ್ಖಾ ತೊಟ್ಟು, ಬಜಾರು ಸುತ್ತಿ, ಟಾಂಗಾದಲ್ಲಿ ನಮ್ಮ ಗಲ್ಲಿಗೆ ಬಂದಳು. ಬಂದವಳು ನಾಲ್ಕು ಮನೆ ಆಚೆ ಹೊಸದಾಗಿ ಬಂದಿದ್ದವರ ಬಾಗಿಲು ತಟ್ಟಿದಳು. ಅವರು ಕೂಡಿಸಿ ಚಹಾ ಕೊಟ್ಟರು. ಕುಡಿದಾದ ಮೇಲೆ ಸುತ್ತ ನೋಡಿ, “ಶಾಂತವ್ವ ಎಲ್ಲದಾಳ? ಮೆಟ್ಟಲ ಯಾವಾಗ ಕೆಡವಿದ್ರಿ?” ಎಂದು ಕೇಳಿದಳಂತೆ. ನಮ್ಮ ಮನೆಯ ಮುಂಬಾಗಿಲನ್ನು ಆಕೆ ಜನ್ಮದಲ್ಲೇ ನೋಡಿರಲಿಲ್ಲ. ಅವರೇ ಕೈ ಹಿಡಿದು ತಂದು ಬಿಟ್ಟರು.

ಹೊಸ್ತಿಲಲ್ಲಿ ನಿಂತು ನಮ್ಮ ಮನೆಯನ್ನು ಕೆಳಗಿನಿಂದ ಮೇಲಕ್ಕೆ ನೋಡಿದಳು. “ಇಷ್ಟ ಸಣ್ಣದೇನ ನಿಮ್ಮನಿ? ಮ್ಯಾಲಿಂದ ದೊಡ್ಡದ ಕಾಣತಿತ್ತು.”

ಶಾಂತವ್ವ ಅಳುತ್ತಲೇ ನಕ್ಕಳು. ನಾನು ಪಾದ ಮುಟ್ಟಿ, “ಚಾಚಿ, ಅವತ್ತ ಆ ಮಣ್ಣ...” ಎಂದೆ.

“ಈ ವರ್ಷಾನೂ ಮೆತ್ತು,” ಎಂದಳು. “ಮನಿ ಖಾಲಿ ಅದಂತ ಬಿಡಬ್ಯಾಡ.”

ಮಳೆಗೆ ಮುಂಚೆ ಜೇವರ್ಗಿಯಿಂದ ಆಕೆ ತೀರಿಹೋದ ಸುದ್ದಿ ಬಂತು. ನಾನು ಮಣ್ಣು ಕಲಸಿದೆ. ಸಂಜೆಯ ಹೊತ್ತಿಗೆ ಆಕೆಯ ಮಾಳಿಗೆ ನುಣ್ಣಗಾಗಿತ್ತು, ಒಂದು ಹೆಜ್ಜೆಯೂ ಇಲ್ಲದೆ. ಅದನ್ನು ನೋಡುತ್ತ ನಿಲ್ಲಲು ಆಗಲಿಲ್ಲ. ಬರಿಗಾಲಲ್ಲಿ ಹಸಿ ಮಣ್ಣಿನ ಮೇಲೆ, ಗೆರೆ ಇರುತ್ತಿದ್ದ ಜಾಗದಲ್ಲೇ, ಒತ್ತಿ ಒತ್ತಿ ಹೆಜ್ಜೆ ಮೂಡಿಸುತ್ತ ನಮ್ಮ ಖೋಲಿಯ ಬಾಗಿಲಿಗೆ ನಡೆದೆ. ಬಾಗಿಲ ಹತ್ತಿರ ಬಂದಾಗ ಆಕೆಯ ರೂಢಿಯಂತೆ ಕೂಗಿದೆ:

“ಬರಾಕತ್ತೇನ್ರೆವ್ವಾ.”

ಒಳಗಿನಿಂದ ಶಾಂತವ್ವ ಹೇಳಿದಳು:

“ಬರ್ರಿ, ಇಲ್ಲಿ ಗಂಡಸ್ರು ಯಾರೂ ಇಲ್ಲ.”