ಹುಂಜ ಕಾಯ್ದ ಹೊಸ್ತಿಲು

ಕಾಕುವಿನ ಎಡಗೈ ಯಾವಾಗಲೂ ಮೈಯಿಂದ ಒಂದಿಷ್ಟು ಆಚೆಗೇ ಇರುತ್ತಿತ್ತು. ಅಂಗಡಿಗೆ ಹೋಗುವಾಗ, ಕಟ್ಟೆಯ ಮೇಲೆ ಸುಮ್ಮನೆ ಕೂತಾಗಲೂ, ಕಂಕುಳಲ್ಲಿ ಏನನ್ನೋ ಅವುಚಿಕೊಂಡ ಹಾಗೆ ಮೊಣಕೈ ಬಾಗಿರುತ್ತಿತ್ತು. ಕೈ ಮುರಿದು ಸೊಟ್ಟ ಕೂಡಿರಬೇಕು ಎಂದು ಹೊಸಬರು ಮರುಗುತ್ತಿದ್ದರು. ಸೊಟ್ಟವೂ ಅಲ್ಲ, ಮುರಿದದ್ದೂ ಅಲ್ಲ. ಅದು ಹುಂಜ ಹೊತ್ತು ಹೊತ್ತು ಬಂದ ರೂಢಿ.

ತೊಂಬತ್ತರ ದಶಕದಲ್ಲಿ ಗೊಳಸಂಗಿಯ ಶಾಲೆಗೆ ಟೀಚರಾಗಿ ಬಂದ ನಾನು ಆಕೆಯ ಮನೆಯ ಹೊರಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೆ. ನಾನು ಹಾವೇರಿ ಕಡೆಯವಳು. ಇಲ್ಲಿ ಹತ್ತಿರದವರು ಅಂತ ಒಬ್ಬರೂ ಇಲ್ಲ. ಶಾಲೆ ಬಿಟ್ಟ ಮೇಲೆ ಗೋಡೆಯ ಜೊತೆ ಮಾತಾಡಬೇಕು, ಇಲ್ಲವೇ ಬಾಯಿ ಮುಚ್ಚಿಕೊಂಡು ಅನ್ನಕ್ಕಿಡಬೇಕು. ಕಾಕು ಗಂಡ ತೀರಿದ, ಮಕ್ಕಳಿಲ್ಲದ ಹೆಂಗಸು, ಐವತ್ತು ದಾಟಿದವಳು. ಒಂದೇ ಅಂಗಳದಲ್ಲಿ ಎರಡು ಒಂಟಿ ಜೀವ ಇದ್ದರೂ ಮೊದಮೊದಲು ನಮ್ಮ ಮಾತು ಬೆಳೆಯಲೇ ಇಲ್ಲ. ನಡುವೆ ಆ ಹುಂಜ ಇತ್ತಲ್ಲ!

ಕೆಂಪು ಮೈ, ಕರಿ ಬಾಲ, ಕಾಲಿನ ಹಿಂದೆ ಜಾಲಿಮುಳ್ಳಿನಂಥ ಮುಳ್ಳು. ಮೊದಲು ಒಂದು ರೆಕ್ಕೆಯನ್ನು ನೆಲಕ್ಕೆ ಇಳಿಬಿಟ್ಟು ಅಡ್ಡಡ್ಡ ಹೆಜ್ಜೆ ಹಾಕುತ್ತಿತ್ತು. ಅದು ನಮಗೆ ಕೊಡುವ ನೋಟೀಸು. ಓಡಿದೆವೋ, ಎರಡೂ ಕಾಲೆತ್ತಿ ಕಾಲಿನ ಮೀನಖಂಡಕ್ಕೆ ಹಾರುತ್ತಿತ್ತು. ಬಚ್ಚಲಿಗೆ ಹೋಗಬೇಕಾದರೆ ನಾನು ಕೊಡೆ ಬಿಚ್ಚಿ ಅಡ್ಡ ಹಿಡಿದುಕೊಂಡು ಹೋಗುತ್ತಿದ್ದೆ. ಅಂಚೆಯವನು ಕಾಗದವನ್ನು ಗೋಡೆಯಾಚೆಯಿಂದಲೇ ಎಸೆಯುತ್ತಿದ್ದ. ಓಣಿಯ ಹೆಂಗಸರು ಸಾರಿಗೆ ಹುಳಿ ಬೇಕಾದರೂ ಇನ್ನೊಂದು ಮನೆಗೆ ಹೋಗುತ್ತಿದ್ದರು. ಇಂಥದ್ದನ್ನು ಕೊಯ್ದು ಸಾರು ಮಾಡದೆ ಯಾವ ಸುಖಕ್ಕೆ ಸಾಕಿದ್ದಾಳೆ ಎಂದು ನನಗೆ ಮೈಯೆಲ್ಲ ಸಿಟ್ಟು.

ಅದು ದುರ್ಗವ್ವನಿಗೆ ಬಿಟ್ಟ ಹುಂಜ ಎಂದು ಆಮೇಲೆ ತಿಳಿಯಿತು. ದೇವಿಯ ಹೆಸರಲ್ಲಿ ಬಿಟ್ಟದ್ದನ್ನು ಹರಕೆ ತೀರುವ ತನಕ ಯಾರೂ ಹೊಡೆಯುವಂತಿಲ್ಲ, ಗದರಿಸುವಂತಿಲ್ಲ, ಮಾರುವಂತಿಲ್ಲ. ಎದುರಾದರೆ ಕೈ ಮುಗಿದು ಪಕ್ಕಕ್ಕೆ ಸರಿಯಬೇಕು. ಸರಿದು ಸರಿದು ಇಡೀ ಓಣಿಯೇ ಅದನ್ನು ಪಾಳೆಗಾರ ಮಾಡಿ ಕೂರಿಸಿತ್ತು. ಮೇಲಾಗಿ ಅದು ತಾಯಿ ಸತ್ತ ಮರಿ. ಕಾಕು ಉಡಿಯಲ್ಲಿ ಇಟ್ಟುಕೊಂಡು, ಅಂಗೈಯಲ್ಲಿ ಜೋಳದ ನುಚ್ಚು ತಿನ್ನಿಸಿ ಬೆಳೆಸಿದ್ದಳು.

ಹರಕೆ ಯಾವುದಕ್ಕೆ ಎಂದರೆ, ತಂಗಿಗಾಗಿ. ಕಾಕು ತಾನೇ ಎತ್ತಿ ಆಡಿಸಿ, ನಿಂತು ಮದುವೆ ಮಾಡಿಕೊಟ್ಟ ತಂಗಿ ಸಿಂದಗಿ ತಾಲೂಕಿನ ಕನ್ನೊಳ್ಳಿಯಲ್ಲಿ ಇದ್ದಳು. ಆ ತಂಗಿಯ ಮಗಳ ಮದುವೆಯಲ್ಲಿ ಕಾಕು ಆರತಿ ತಟ್ಟೆ ಹಿಡಿಯಲು ಹೋದಾಗ, ಗಂಡ ಇಲ್ಲದಾಕೆ ಹಿಂದೆ ಸರಿಯಲಿ ಎಂದು ಬೀಗರ ಕಡೆಯ ಮುದುಕಿಯೊಬ್ಬಳು ಅಂದಳಂತೆ. ತಂಗಿ ಕೇಳಿಸಿಕೊಂಡೂ ಸುಮ್ಮನಿದ್ದಳು. ಕಾಕು ಸರಿದಳು, ಉಣ್ಣದೆ ಎದ್ದಳು, ಆಡಬಾರದ್ದನ್ನೆಲ್ಲ ಆಡಿ ಬಂದಳು. ನಿನ್ನ ಹೊಸ್ತಿಲು ಮತ್ತೆ ತುಳಿಯುವುದಿಲ್ಲ ಎಂದು ತಂಗಿಯೂ ಅಂದುಬಿಟ್ಟಳು. ಆ ಮಾತು ಆದ ಮೇಲೆ, ತಂಗಿ ಹೊಸ್ತಿಲು ದಾಟಿ ಒಳಗೆ ಬಂದ ದಿನ ಈ ಹುಂಜ ನಿನ್ನದು ಎಂದು ಕಾಕು ದುರ್ಗವ್ವನಿಗೆ ಹೇಳಿಕೊಂಡಿದ್ದಳು.

ನಾನು ಬಂದ ವರ್ಷವೇ ತಂಗಿಯ ಮಗ ಬಂದ. ತಂಗಿಯ ಮೊಮ್ಮಗುವಿನ ತೊಟ್ಟಿಲು ಶಾಸ್ತ್ರಕ್ಕೆ ಕರೆಯಲು ಬಂದಿದ್ದನಂತೆ. ಕಾಕು ಹಿತ್ತಲಲ್ಲಿದ್ದಳು. ಅವನು ಅಂಗಳಕ್ಕೆ ಎರಡು ಹೆಜ್ಜೆ ಇಟ್ಟಿದ್ದನೋ ಇಲ್ಲವೋ, ಹುಂಜ ಹಾರಿತು. ಇನ್ನೊಂದು ಏಟಿಗೆ ಹುಡುಗ ಹೊರಗೆ. ಕಾಕು ಓಡಿ ಬರುವಷ್ಟರಲ್ಲಿ ಧೋತರದ ಅಂಚು ಕೆಂಪಾಗಿತ್ತು. ಒಳಗೆ ಬಾ, ಅರಿಷಿಣ ಹಚ್ಚುತ್ತೇನೆ ಎಂದು ಆಕೆ ಎಷ್ಟು ಕರೆದರೂ ಅವನು ದಾರಿಯಲ್ಲೇ ನಿಂತ.

"ಅವ್ವ ತಾನ ಬರಾಕಿ ಇದ್ಳು ದೊಡ್ಡವ್ವಾ. ಮೊದಲ ನೀ ಹೋಗಿ ನೋಡ್ಕೊಂಡ್ ಬಾ ಅಂದ್ಳು. ಏನಂತ ಹೇಳ್ಲಿ ಹೋಗಿ?" ಅಂದವನೇ ಬಸ್ಸಿಗೆ ಹೊತ್ತಾಯಿತೆಂದು ನಡೆದುಬಿಟ್ಟ.

ಅವತ್ತು ಕಾಕು ಒಲೆ ಹಚ್ಚಲಿಲ್ಲ. ನಾನು ಕೊಡೆ ಹಿಡಿದುಕೊಂಡೇ ಹೋಗಿ ಒಂದು ತಟ್ಟೆ ಅನ್ನ ಇಟ್ಟು ಬಂದೆ. ತೊಟ್ಟಿಲಿಗೂ ಆಕೆ ಹೋಗಲಿಲ್ಲ. ಮಗುವಿನ ತಲೆಗೆಂದು ತಾನೇ ಹೊಲಿದ ಕುಂಚಿಗೆಯೊಂದನ್ನು ಆ ಕಡೆ ಹೊರಟವರ ಕೈಲಿ ಕೊಟ್ಟು ಕಳಿಸಿದಳು. ಹೋಗಬಹುದಿತ್ತಲ್ಲ ಎಂದರೆ, ತಂಗಿಯೇ ಒಮ್ಮೆ ಬರಲಿ ಎಂಬ ಹಟ. ಹಟದಲ್ಲಿ ಹುಂಜವೇನು, ಒಡತಿಯೇನು!

ಅದನ್ನು ಕೊಯ್ದು ಹಾಕಿ ಬೇರೆ ಮರಿಯೊಂದನ್ನು ಬಿಡು, ದೇವಿಗೇನು ಗುರುತು ಸಿಗುತ್ತದೆಯೇ ಎಂದು ಓಣಿಯವರು ಹೇಳಿ ನೋಡಿದರು. ದುರ್ಗವ್ವನ ಹತ್ತಿರವೂ ಸುಳ್ಳಾಡಲೇ ಎಂದು ಕಾಕು ಅವರ ಬಾಯಿ ಮುಚ್ಚಿಸಿದಳು. ಯಾರಾದರೂ ಬರುವಾಗ ಅದರ ಮೇಲೆ ಬುಟ್ಟಿ ಕವುಚಿ ಇಡಿ ಎಂದು ನಾನು ಅಂದೆ.

"ಹೇಳಿ ಬರೋರಿಗೆ ಬುಟ್ಟಿ ಸಾಕ್ರಿ ಅಕ್ಕೋರ," ಅಂದಳು. "ಹೇಳದ ಬಂದ್ರ?"

ಅಲ್ಲಿಂದ ಶುರುವಾಯಿತು ಆಕೆಯ ಪಾಠ. ಅಂಗೈಯಲ್ಲಿ ತಿನ್ನಿಸುವುದು ಬಂದ್ ಆಯಿತು. ಕಾಳು ಚೆಲ್ಲಿ ಮನೆಯ ಉಳಿದ ಕೋಳಿಗಳನ್ನು ಕರೆದು, ಹುಂಜವನ್ನು ತಾನು ಸರಿ ಎನ್ನುವ ತನಕ ಕಾಲಿನಿಂದ ತಡೆದು ನಿಲ್ಲಿಸುತ್ತಿದ್ದಳು. ಅದು ರೆಕ್ಕೆ ಇಳಿಬಿಟ್ಟರೆ ಆಕೆ ಹಿಂದೆ ಹೋಗುತ್ತಿರಲಿಲ್ಲ, ಕೈಯನ್ನೂ ಎತ್ತುತ್ತಿರಲಿಲ್ಲ. ಅದರ ಕಡೆಗೇ ಮೆಲ್ಲಗೆ ನಡೆಯುತ್ತಿದ್ದಳು, ಅದು ದಾರಿ ಬಿಡುವ ತನಕ. ಮೈಮೇಲೆ ಬಂತೋ, ಗಬಕ್ಕನೆ ಹಿಡಿದು ಎಡಗಂಕುಳಲ್ಲಿ ಅವುಚಿ, ಕಾಲು ಎರಡನ್ನೂ ಅಂಗೈಯಲ್ಲಿ ಹಿಡಿದು, ಹಾಗೆಯೇ ಕಸ ಗುಡಿಸುತ್ತಿದ್ದಳು, ಅಂಗಡಿಗೆ ಹೋಗಿ ಬೆಲ್ಲ ತರುತ್ತಿದ್ದಳು. ಓಣಿ ನಗುತ್ತಿತ್ತು. ಅದರ ಮೈ ಸಡಿಲಾದ ಮೇಲೆಯೇ ಕೆಳಗೆ ಬಿಡುವುದು. ಆಕೆಯ ಮೊಣಕಾಲಿನ ಕೆಳಗೆ ಗಾಯದ ಮೇಲೆ ಗಾಯ.

"ಹುಂಜದ್ದೇನ್ ತಪ್ಪಿಲ್ಲ. ಅದರ ಲೆಕ್ಕದಾಗ ನಾವೆಲ್ಲಾ ಹುಂಜನ, ಸೋತ ಹುಂಜ," ಎಂದು ಒಂದು ದಿನ ಅಂದಳು. ನನ್ನ ಕೈಯಿಂದ ಕೊಡೆ ಕಸಿದು ಗೋಡೆಗೆ ಒರಗಿಸಿದಳು. "ಓಡಬ್ಯಾಡ್ರಿ, ಒದೀಬ್ಯಾಡ್ರಿ. ಇದು ನಿಮ್ಮ ಮನಿ ಅಂತ ತಿಳಿದು ನಡೀರಿ."

ಆ ಮಾತಿಗೆ ನನ್ನ ಕಣ್ಣು ತುಂಬಿದವು. ಈ ಊರಿಗೆ ಬಂದ ಮೇಲೆ ನನಗೆ ಹಾಗೆ ಯಾರೂ ಅಂದಿರಲಿಲ್ಲ. ನಡೆದೆ. ಹುಂಜ ಕತ್ತು ಓರೆ ಮಾಡಿ ನೋಡಿ, ಮಣ್ಣು ಕುಕ್ಕುವ ನೆವ ಮಾಡಿಕೊಂಡು ಪಕ್ಕಕ್ಕೆ ಹೋಯಿತು. ಅಂದಿನಿಂದ ಸಂಜೆಯ ಚಹಾ ಇಬ್ಬರದೂ ಒಟ್ಟಿಗೆ.

ಮುಂದಿನ ಬೇಸಿಗೆಯ ಹೊತ್ತಿಗೆ ಅಂಚೆಯವನು ಬಾಗಿಲ ತನಕ ಬಂದು ಕಾಗದ ಕೊಟ್ಟ. ಹೆಂಗಸರು ಹುಳಿ ಕೇಳಲು ಬಂದರು, ಕೂತು ಹರಟಿದರು. ಕಾಕು ಎಲ್ಲರಿಗೂ ಚಹಾ ಕಾಸುತ್ತಿದ್ದಳು, ಬಸ್ಸಿನ ಸದ್ದಾದಾಗೆಲ್ಲ ಮಾತು ನಿಲ್ಲಿಸಿ ದಾರಿಯ ಕಡೆ ನೋಡುತ್ತಿದ್ದಳು. ಬರಬೇಕಾದವಳು ಬರಲಿಲ್ಲ. ಆಯಿತು, ಇನ್ನೊಂದು ಬೇಸಿಗೆಯೂ ಹೋಯಿತು.

ಕಾಕು ಹೆಚ್ಚು ನರಳಲಿಲ್ಲ. ಜ್ವರ ಎಂದು ಮಲಗಿದಳು, ಬಾಗೇವಾಡಿಯ ದವಾಖಾನೆಗೆ ಒಯ್ಯುವ ಮಾತು ನಡೆದಿರುವಾಗಲೇ ಹೋಗಿಬಿಟ್ಟಳು. ಕನ್ನೊಳ್ಳಿಗೆ ಸುದ್ದಿ ಹೋಯಿತು. ಮಧ್ಯಾಹ್ನ ತಂಗಿ ಬಂದಾಗ ಅಂಗಳದ ತುಂಬ ಜನ, ಹೊಸ್ತಿಲ ಮುಂದೆ ಹುಂಜ. ಅವಳು ಅತ್ತಿತ್ತ ನೋಡಲಿಲ್ಲ, ನೇರ ನಡೆದಳು. ಹುಂಜ ಸುಮ್ಮನೆ ಸರಿದು ದಾರಿ ಬಿಟ್ಟಿತು. ಅಷ್ಟೂ ದಿನ ಕಾಕು ಅದಕ್ಕೆ ಕಲಿಸಿದ್ದು ಇದೊಂದಕ್ಕಾಗಿಯೇ ಅಲ್ಲವೇ ಎಂದು ನೆನೆದು ನಾನು ಅತ್ತೆ.

ದಿನಕರ್ಮಗಳೆಲ್ಲ ಮುಗಿದ ಮೇಲೆ ಓಣಿಯ ಹಿರಿಯರು ಹುಂಜದ ಮಾತು ತೆಗೆದರು. ತಂಗಿ ಹೊಸ್ತಿಲು ದಾಟಿ ಆಯಿತು, ಹರಕೆ ತೀರಿಸಿಬಿಡಬೇಕು ಎಂದರು. ಯಾವ ಹರಕೆ ಎಂದು ಅವಳು ಕೇಳಿದಾಗ ಎಲ್ಲರೂ ನನ್ನ ಮುಖ ನೋಡಿದರು. ನಾನೇ ಹೇಳಿದೆ.

"ಹೆಣಕ್ಕ ಬಂದದ್ದು ಬಂದಂಗ ಅಲ್ರಿ," ಅಂದಳು ತಂಗಿ. "ಹುಂಜಕ್ಕ ಕೈ ಹಚ್ಚಬ್ಯಾಡ್ರಿ. ನಾ ಇನ್ನೂ ಬಂದಿಲ್ಲ."

ಅವಳು ಎದ್ದು ಅಂಗಳಕ್ಕಿಳಿದು ಹುಂಜವನ್ನು ಎಡಗಂಕುಳಲ್ಲಿ ಅವುಚಿಕೊಂಡಳು, ಕಾಲು ಎರಡನ್ನೂ ಅಂಗೈಯಲ್ಲಿ ಹಿಡಿದು. ಆ ಹಿಡಿತವನ್ನು ಅವಳಿಗೆ ಯಾರೂ ತೋರಿಸಿಕೊಡಬೇಕಾಗಲಿಲ್ಲ. ಬಸ್ ನಿಲ್ದಾಣದ ತನಕ ನಾನೂ ಹೋದೆ.

ಹೊಸ ಊರಿಗೆ, ಹೊಸ ಶಾಲೆಗೆ, ಗುರುತಿಲ್ಲದವರ ನಡುವೆ ಕಾಲಿಡುವಾಗ ಇವತ್ತಿಗೂ ನಾನು ಕಾಕು ಕಲಿಸಿದ ಹಾಗೆಯೇ ನಡೆಯುತ್ತೇನೆ. ಆದರೆ ಅವತ್ತು ಬಸ್ಸು ಹೋದ ಮೇಲೆ ಮನೆಗೆ ಬಂದಾಗ ಅಂಗಳ ಬರಿದಾಗಿತ್ತು. ಅಡ್ಡ ನಿಲ್ಲುವವರು ಯಾರೂ ಇರಲಿಲ್ಲ. ಗೋಡೆಗೆ ಕಾಕು ಒರಗಿಸಿದ್ದ ಜಾಗದಲ್ಲೇ ಇದ್ದ ಕೊಡೆಯನ್ನು ಎತ್ತಿಕೊಂಡು ಒಳಗೆ ಹೋದೆ.