ಅಪ್ಪ ತೂಬಿಗಿಳಿದಾಗ ಕೊಟ್ಟ ಬೀಡಿ

ಇಂದು ಹಿಂದೂಪುರದ ಮನೆಯಲ್ಲಿ ತಮ್ಮನ ಮಗಳು ಶಾಲೆಯ ನೋಟ್‌ಬುಕ್ ತಂದು ಮುಂದಿಟ್ಟಳು. ‘ತೂಬು’ ಎಂಬ ಪದವನ್ನು ಸ್ವಂತ ವಾಕ್ಯದಲ್ಲಿ ಬಳಸಬೇಕಿತ್ತು. ಓದಿದೊಡನೆ ಮೂಗಿಗೆ ಬೀಡಿಯ ಹೊಗೆ ಅಡರಿತು.

ಕಲ್ಯಾಣದುರ್ಗದ ಸಮೀಪದ ನಮ್ಮೂರಿನಲ್ಲಿ ಅಪ್ಪ ಕೆರೆಯ ನೀರಗಂಟಿ. ಗದ್ದೆಗೆ ನೀರು ಬಿಡುವ ದಿನ ಅವರು ತೂಬಿನ ಕಲ್ಲುಕಂಬದ ಬಳಿ ಮುಳುಗಿ, ತಳದ ಮರದ ಬೆಣೆಯನ್ನು ಕೈಯಿಂದಲೇ ಕೀಳಬೇಕಿತ್ತು. ಸೆಳೆತಕ್ಕೆ ಕೈ ಸಿಕ್ಕಿದರೆ ಮೇಲೆ ಬರುವಂತಿರಲಿಲ್ಲ. ಆ ಸೆಳೆತದ ಬಲವನ್ನು ಇಂದು ಸೂತ್ರ ಹಾಕಿ ಹೇಳಬಲ್ಲೆ. ಅಂದು ಹೆದರಿಕೆಯಷ್ಟೇ ಗೊತ್ತಿತ್ತು.

ನಾನು ಚಿಕ್ಕವನಿದ್ದಾಗ ಒಂದು ದಿನ, ಇಳಿಯುವ ಮುನ್ನ ಅಪ್ಪ ಸೇದುತ್ತಿದ್ದ ಬೀಡಿಯನ್ನು ನನ್ನ ಕೈಗಿತ್ತು, “ಇದು ಆರೋದ್ರೊಳ್ಗೆ ಬತ್ತೀನಿ ಕಣ್ಲಾ” ಎಂದರು.

ಅವರ ತಲೆಯ ಮೇಲೆ ನೀರು ಮುಚ್ಚಿಕೊಂಡಿತು. ಬೀಡಿಯ ಕೆಂಡ ಮಂಕಾಗತೊಡಗಿತು. ಅದು ಆರಿದರೆ ಅಪ್ಪ ಬರುವುದಿಲ್ಲವೆಂದೇ ನಂಬಿದ್ದ ನಾನು ಅದನ್ನು ಬಾಯಿಗಿಟ್ಟು ಎಳೆದೆ. ಕೆಮ್ಮಿ, ಮತ್ತೆ ಎಳೆದೆ. ಬೆರಳು ಸುಟ್ಟರೂ ಬಿಡಲಿಲ್ಲ.

ಕೊನೆಗೆ ಬೆಣೆ ಹಿಡಿದ ಕೈ ಮೇಲೆದ್ದಿತು. ಏದುಸಿರಿನಲ್ಲೇ ಅಪ್ಪ, “ಏಂ ನಾಯ್ನಾ, ಏನ್ ಮಗ್ನೇ, ಪೂರಾ ಸೇದ್ಬುಟ್ಯಾ? ತಾಳು, ನಿಮ್ಮಮ್ಮಂಗೆ ಹೇಳ್ತೀನಿ!” ಎಂದು ನಕ್ಕರು. ನಾನು ಬಿಕ್ಕಿ ಬಿಕ್ಕಿ ಅಳತೊಡಗಿದೆ.

‘ತೂಬಿನಿಂದ ನೀರು ಹರಿಯುತ್ತದೆ’ ಎಂದು ಹುಡುಗಿ ಬರೆದಿದ್ದಳು. ವಾಕ್ಯ ಸರಿಯಾಗಿದೆ ಎಂದೆ. ಮೇಜಿನ ಕೆಳಗೆ ನನ್ನ ಎರಡು ಬೆರಳುಗಳು ಆ ಬೀಡಿಯನ್ನು ಇನ್ನೂ ಹಿಡಿದೇ ಇದ್ದವು.