ಗೋಡೆಗೆ ಹೊದಿಸಿದ ಕೌದಿ

ಹಳೆಯ ಸೀರೆ, ಧೋತರಗಳ ತುಂಡುಗಳನ್ನು ಪದರುಪದರಾಗಿ ಜೋಡಿಸಿ ಹೊಲಿದ ಕೌದಿ ನಮ್ಮ ಕಡೆ ಬೇಸಿಗೆಯಲ್ಲಿ ಹಾಸಿಗೆ, ಚಳಿಗಾಲದಲ್ಲಿ ಹೊದಿಕೆ, ನೆಂಟರು ಬಂದಾಗ ಮನೆಯ ಮರ್ಯಾದೆ. ಇಷ್ಟೆಲ್ಲ ಕೆಲಸವನ್ನು ಸದ್ದಿಲ್ಲದೆ ಮಾಡುವ ಆ ವಸ್ತುವಿನ ಕೆಳಗೆ ಇಪ್ಪತ್ತನಾಲ್ಕು ವರ್ಷ ಮಲಗಿದ ನಾನು ಅದನ್ನು ಕಣ್ಣಿಟ್ಟು ನೋಡಿದ್ದು ಈ ವರ್ಷ, ಅದೂ ಒಂದು ಆಸ್ಪತ್ರೆಯ ಗೋಡೆಯ ದೆಸೆಯಿಂದ.

ಗೆಳೆಯರೇ, ಕಥೆ ಸಣ್ಣದು. ಗದಗಿನ ಹತ್ತಿರದ ಹಳ್ಳಿಯೊಂದರ ಆರೋಗ್ಯ ಕೇಂದ್ರದಲ್ಲಿ ಬಸುರಿಯರು ಸರದಿ ಕಾಯುವ ಕೋಣೆಗೆ ಹೊಸದಾಗಿ ಸುಣ್ಣ ಬಳಿದಿದ್ದರು. ಊರಿನವರಿಗೆ ತಮ್ಮದೆನ್ನಿಸುವ ಚಿತ್ರ ಅಲ್ಲಿರಲಿ ಎಂದು ಡಾಕ್ಟರ್ ಮೇಡಂ ಬೆಟಗೇರಿಯ ಚಿತ್ರಕಾರ ಈರಣ್ಣನನ್ನು ಕರೆಸಿದರು. ಮಾತು ಕಡಿಮೆಯ ಈರಣ್ಣ ಊರನ್ನು ಮಾತಾಡಿಸಲು ನನ್ನನ್ನು ಕರೆದೊಯ್ದ. ಸೋಮವಾರದೊಳಗೆ ನಕ್ಷೆ ಒಪ್ಪಿಗೆಯಾಗದಿದ್ದರೆ ಎಲ್ಲೆಡೆ ಇರುವ ಅಚ್ಚಿನ ಚಿತ್ರವೇ ಅಲ್ಲಿಗೂ ಬರುತ್ತಿತ್ತು: ನಗುವ ತಾಯಿ, ನಗುವ ಮಗು, ನಗುವ ಸೇಬು.

ಚರ್ಚಾಸ್ಪರ್ಧೆಗಳಲ್ಲಿ ಪರವನ್ನೂ ವಿರೋಧವನ್ನೂ ಮಂಡಿಸಿ ಗೆದ್ದವಳಿಗೆ ಸಂಶಯ ಮೊದಲು ಹುಟ್ಟುತ್ತದೆ, ಶ್ರದ್ಧೆ ಆಮೇಲೆ. ಚಿತ್ರ ನೋಡಿದರೆ ರಕ್ತದೊತ್ತಡ ಇಳಿಯುತ್ತದೆಯೇ? ಆದರೂ ಇಪ್ಪತ್ತು ಪ್ರಶ್ನೆ ಬರೆದುಕೊಂಡು ಮನೆಮನೆ ತಿರುಗಿದೆ.

"ಗ್ವಾಡಿ ಮ್ಯಾಲ ಏನ್ ಚಿತ್ರ ಇರಬೇಕ್ರಿ?"

"ಸ್ವಚ್ಛತಾ ಹಾಕ್ರಿ."

"ಮತ್ತ?"

"ಕೈ ತೊಳಿಯೂದು ಹಾಕ್ರಿ."

ಐದನೆಯ ಮನೆಯಲ್ಲಿ ಹೊಳೆಯಿತು: ಇವರು ಉತ್ತರ ಕೊಡುತ್ತಿಲ್ಲ, ಕಾಗದ ಹಿಡಿದು ಬಂದವರಿಗೆ ಸಲ್ಲಿಸಬೇಕಾದ ಗೌರವ ಸಲ್ಲಿಸುತ್ತಿದ್ದಾರೆ. ಪ್ರಶ್ನೆಯೇ ಉತ್ತರವನ್ನು ಬಾಯಿಗೆ ತುರುಕಿದರೆ ಬಾಯಿ ಪಾಪ ಏನು ಮಾಡೀತು?

ಕಾಗದ ಮಡಚಿಟ್ಟು, ಊರಿಗೆಲ್ಲ ಕೌದಿ ಹೊಲಿದುಕೊಡುವ ಗಂಗವ್ವಾಯಿಯ ಕಟ್ಟೆಗೆ ಹೋಗಿ ಸುಮ್ಮನೆ ಕುಳಿತೆ. ಪಕ್ಕದ ಮನೆಯ ನೀಲವ್ವ, ಏಳು ತಿಂಗಳ ಬಸುರಿ, ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದಳು.

"ಚಿತ್ರ ಯಾರ್ ನೋಡ್ತಾರ ತಂಗಿ?" ಎಂದಳು ಗಂಗವ್ವಾಯಿ, ನಾನು ಕೇಳದೆಯೇ. "ಅಲ್ಲಿ ಕುಂತಾಕಿ ಕಣ್ಣೆಲ್ಲ ಬಾಗಲ ಮ್ಯಾಲ. ನರ್ಸಬಾಯಿ ಯಾವಾಗ ಕರೀತಾಳ, ಒಳಗ ಏನ್ ಹೇಳ್ತಾರ. ಹೋದ ತಿಂಗಳ ಈಕಿ ಹೆಸರು ಕರಿಯೂದ್ರಾಗ ಅಂಜಿ ಎದ್ದು ಮನಿಗೆ ಬಂದ್ಲು."

ನೀಲವ್ವ ತಲೆ ತಗ್ಗಿಸಿದಳು. "ಬಿಳೇ ಗ್ವಾಡಿ ನೋಡಿ ನೋಡಿ ಎದಿ ಡವಡವ ಅಂತಿತ್ರಿ. ಮುಂದಿನ ತಿಂಗಳ ಮತ್ತ ಕರದಾರ. ಹೋಗಾಕ ಮನಸಿಲ್ಲ."

ಕೌದಿಯ ಮೂರು ಮೂಲೆ ಮುಗಿದಿದ್ದವು. ನಾಲ್ಕನೆಯದನ್ನು ಮುಚ್ಚುವ ಮುನ್ನ ಗಂಗವ್ವಾಯಿ ಒಣಗಿ ಗರಿಗರಿಯಾದ ಕಟಿರೊಟ್ಟಿಯ ಚೂರೊಂದನ್ನೂ ಚಿಟಿಕೆ ಸಕ್ಕರೆಯನ್ನೂ ಒಳಗಿಟ್ಟಳು.

"ಇದ್ಯಾಕ ಆಯಿ?"

"ಕೌದಿ ಉಪವಾಸ ಇರಬಾರದು. ಹಸದದ್ದು ಮಂದಿನ್ನ ಹೆಂಗ ಬೆಚ್ಚಗ ಇಟ್ಟೀತು?"

"ಇರುವಿ ಬರ್ತಾವಲ್ಲ?"

"ಬರ್ಲಿ. ಅವು ನಿನ್ನಂಗ ಪ್ರಶ್ನಿ ಕೇಳೂದಿಲ್ಲ, ತಿಂದು ಹೋಗ್ತಾವ."

ಪ್ರತಿವಾದದ ಮೂರು ಅಂಶಗಳನ್ನು ಬದಿಗಿಟ್ಟು ಕೌದಿಯನ್ನು ಕಣ್ಣಿಟ್ಟು ನೋಡಿದೆ. ಕೌದಿ ಎಂದರೆ ತುಂಡುಗಳ ಸಭೆ. ರೇಷ್ಮೆಗೂ ಹತ್ತಿಗೂ ಅಲ್ಲಿ ಒಂದೇ ಹೊಲಿಗೆಯ ಟಾಕು, ಅಧ್ಯಕ್ಷತೆ ಯಾರದೂ ಅಲ್ಲ. ಕಾಯುವವರ ಕಣ್ಣು ಬಾಗಿಲ ಮೇಲಿದ್ದರೆ ಚಿತ್ರವೂ ಬಾಗಿಲಿಗೇ ಬರಲಿ ಎಂದುಕೊಂಡೆ: ಬಾಗಿಲ ಸುತ್ತ ಗೋಡೆ ತುಂಬ ಒಂದು ಕೌದಿ, ಒಂದೊಂದು ತುಂಡೂ ಊರಿನ ಒಬ್ಬೊಬ್ಬಳ ಸೀರೆಯದು.

ಇಪ್ಪತ್ತು ಪ್ರಶ್ನೆಗೆ ತೆರೆಯದ ಊರು ಈ ಒಂದು ಮಾತಿಗೆ ಟ್ರಂಕು ತೆರೆಯಿತು. ಯಾರದೋ ಕುಬಸದ ಹಸಿರು, ಯಾರದೋ ಅತ್ತೆ ಉಟ್ಟು ಬಿಟ್ಟ ಕಂದು. ನೀಲವ್ವ ತೀರಿಹೋದ ತಾಯಿಯ ಇಳಕಲ್ ಸೀರೆಯ ಕೆಂಪು ಸೆರಗನ್ನು ಎದೆಗವಚಿಕೊಂಡು ತಂದಳು. ಈರಣ್ಣ ಎಲ್ಲವನ್ನೂ ಕಾಗದಕ್ಕಿಳಿಸಿ, ನಾಲ್ಕೂ ಬದಿಗೆ ಅಂಚು ಕಟ್ಟಿ, ಗಂಗವ್ವಾಯಿಯ ಮುಂದೆ ಹಿಡಿದ.

"ಚಂದ ಐತಿ ಈರಣ್ಣಾ. ಆದ್ರ ಕೌದಿನ್ನ ಉಪವಾಸ ಕೆಡವಿಯಲ್ಲ."

ನಾಲ್ಕು ಮೂಲೆಯನ್ನೂ ಮುಚ್ಚಿಬಿಟ್ಟಿದ್ದೆವು. ರೊಟ್ಟಿ ಇಟ್ಟದ್ದನ್ನು ಕಣ್ಣಾರೆ ಕಂಡ ನಾನೂ ಮರೆತಿದ್ದೆ. ಈರಣ್ಣ ಚಿತ್ರದ ಒಂದು ಮೂಲೆಯನ್ನು ಬಿಚ್ಚಿ, ಒಳಗಿಂದ ಇಣುಕುವ ರೊಟ್ಟಿಯ ಚೂರನ್ನು ಬರೆದ.

ಸೋಮವಾರ ಮೇಡಂ ನಕ್ಷೆಯನ್ನು ಬಹಳ ಹೊತ್ತು ನೋಡಿದರು. "ಚೆನ್ನಾಗಿದೆ. ಆದರೆ ಇದರಲ್ಲಿ ಆರೋಗ್ಯದ ಸಂದೇಶ ಎಲ್ಲಿದೆ?"

"ಸಂದೇಶ ಹೇಳಾಕ ನೀವದೀರಿ ಮೇಡಂ. ನೀವು ಕರಿಯೂತನಕ ಆಕಿನ್ನ ಕುಂಡ್ರಿಸಿಕೊಳ್ಳೂದು ಗ್ವಾಡಿ ಕೆಲಸ," ಎಂದೆ ನಾನು.

ಅವರು ಮೂಲೆಯ ಮೇಲೆ ಬೆರಳಿಟ್ಟರು. "ಈ ರೊಟ್ಟಿ?" ಗಂಗವ್ವಾಯಿಯ ಮಾತು ಹೇಳಿದೆ. ಮೇಡಂ ಕನ್ನಡಕ ತೆಗೆದರು. ಅಚ್ಚುಕಟ್ಟಿನ ಕಚೇರಿಯ ಕನ್ನಡವೂ ಅದರ ಜೊತೆಗೇ ಕಳಚಿತು.

"ನಮ್ಮವ್ವನೂ ಇಡ್ತಿದ್ಲು. ಆತು, ಬಣ್ಣ ಕಲಸ್ರಿ."

ಕಪಾಟಿನಲ್ಲಿ ನನ್ನ ಬಹುಮಾನಗಳು ಸಾಲಾಗಿ ನಿಂತಿವೆ; ಅವೆಲ್ಲ ಎದುರಾಳಿ ಸೋತಾಗ ಬಂದವು. ಗಂಗವ್ವಾಯಿಯ ಮುಂದೆ ನಾನೇ ಸೋತು, ಆ ಸೋಲನ್ನೇ ವಾದವಾಗಿ ಮಂಡಿಸಿ ಗೆದ್ದದ್ದು ಇದೊಂದೇ. ಊರನ್ನು ಅರಿಯುವುದೆಂದರೆ ಅದರ ಬಾಯನ್ನು ಕೇಳುವುದಲ್ಲ, ಕೈಯನ್ನು ನೋಡುವುದು ಎಂದು ಈಗ ಯಾವ ವೇದಿಕೆಯ ಮೇಲಾದರೂ ವಾದಿಸಬಲ್ಲೆ.

ಮುಂದಿನ ತಿಂಗಳು ಆ ಕೋಣೆಯ ಮೂಲೆಯಲ್ಲಿ ನಾನೂ ಕುಳಿತಿದ್ದೆ. ನೀಲವ್ವ ಬಂದಿದ್ದಳು. ಬಾಗಿಲು ತೆರೆಯಿತು; ನರ್ಸಬಾಯಿ ಹೆಸರು ಕರೆದರು. ನೀಲವ್ವ ಏಳಲಿಲ್ಲ. ಮತ್ತೊಮ್ಮೆ ಕರೆದರು.

"ಒಂದ್ ನಿಮಿಷ ತಡೀರಿ ಅಕ್ಕಾರ," ಎಂದಳು ಆಕೆ, ಅಕ್ಕಪಕ್ಕದವರಿಗೆ ಗೋಡೆಯ ಮೇಲಿನ ಕೆಂಪು ತುಂಡನ್ನು ಬೆರಳಿಟ್ಟು ತೋರಿಸುತ್ತ. "ನಮ್ಮವ್ವನ ಸೀರಿ ಮಾತು ನಡದೈತಿ. ಮುಗಿಸಿ ಬಂದೆ."

ನರ್ಸಬಾಯಿ ಬಾಗಿಲ ಚೌಕಟ್ಟಿಗೆ ಒರಗಿ, ಕಾಯತೊಡಗಿದರು.